ಹಳೆ ಅಡವಿ ಸುಗ್ಗಿಯಲ್ಲ, ಮೇಲ್ಮಣ್ಣು

ನಮ್ಮ ಗಲಗಲಿ ಕೃಷ್ಣಾ ನದಿ ದಂಡೆಯ ಊರು. ಹೊಳೆ ಮಗ್ಗಲಲ್ಲಿ ಕಬ್ಬು, ಅಲ್ಲಿಂದ ದೂರ ಸರಿದಂತೆ ಎರಿ ಹೊಲ, ಅದರಾಚೆ ಮಡ್ಡಿ. ನನ್ನದು ಆರು ಎಕರೆ, ಮಳೆ ನಂಬಿದ ಭೂಮಿ. ಹಿಂಗಾರಿ ಜೋಳ, ಕಡಲೆ, ಒಂದಿಷ್ಟು ಕುಸುಬೆ ಬೆಳೆಯುತ್ತೇನೆ. ವರ್ಷಕ್ಕೆ 500-600 ಮಿ.ಮೀ. ಮಳೆ ಬಂದರೆ ನಮಗೆ ಹಬ್ಬ. ನಮ್ಮಲ್ಲಿ ಅಡವಿ ಎಂದರೆ ಜಾಲಿ, ಬೇವು, ಬನ್ನಿ, ಕವಳಿ ಕಂಟಿ. ಹೆಚ್ಚೆಂದರೆ ಬೀಳಗಿ-ಮುಧೋಳ ನಡುವಿನ ಯಡಹಳ್ಳಿ ಚಿಂಕಾರ ಧಾಮದ ಕುರುಚಲು ಕಾಡು. ಇಂಥ ಊರಿನ ರೈತ ಮಲೆನಾಡಿನ ಹಳೆ ಕಾಡು ಕಡಿಯಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಯಾಕೆ ಬಾಯಿ ಹಾಕಬೇಕು ಎಂದು ಓದುಗರು ಕೇಳಬಹುದು.

ಇದಕ್ಕೆ ಎರಡು ಕಾರಣಗಳಿವೆ. ಒಂದು ಕಟ್ಟಿಗೆ, ಇನ್ನೊಂದು ನೀರು. ನಮ್ಮ ಹಳೆ ಮನೆಯ ತೊಲೆ, ಕಂಬ, ತಲೆಬಾಗಿಲ ಚೌಕಟ್ಟು ಸಾಗವಾನಿಯವು. ಈ ಸೀಮೆಯಲ್ಲಿ ಸಾಗವಾನಿ ಕಾಡಿಲ್ಲ. ಹಳಿಯಾಳ, ದಾಂಡೇಲಿ ಕಡೆಯಿಂದ ತರಿಸಿದ್ದು ಎಂದು ನಮ್ಮ ಅಜ್ಜ ಹೇಳುತ್ತಿದ್ದ. ಅಂದರೆ ಕಾಡು ಅಲ್ಲಿ ಬಿದ್ದರೂ ಅದರ ಒಂದು ಪಾಲು ನಮ್ಮ ಮನೆಯ ಮಾಳಿಗೆ ಹೊತ್ತು ನಿಂತಿದೆ. ನೀರಿನ ಮಾತಂತೂ ಹೇಳುವುದೇ ಬೇಡ. ನಮ್ಮೂರ ಮುಂದೆ ಹರಿಯುವ ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ ಎಲ್ಲವೂ ಸಹ್ಯಾದ್ರಿಯಿಂದಲೇ ಇಳಿದು ಅದನ್ನು ಕೂಡುತ್ತವೆ. ಘಟ್ಟದ ತಲೆ ಮೇಲೆ ಏನಾಗುತ್ತದೆ ಎಂಬುದು ನಮಗೆ ಸಂಬಂಧವಿಲ್ಲದ ಸಂಗತಿ ಅಲ್ಲ.

ಇನ್ನೂ ಒಂದು ಮಾತು. 1986ರ ಬರದಲ್ಲಿ, ನಾನು ಹದಿನೇಳರ ಹುಡುಗ ಇದ್ದಾಗ, ಊರಿನ ಹತ್ತಾರು ಮಂದಿಯ ಜೊತೆ ಶಿರಸಿ ಕಡೆ ಅಡಿಕೆ ತೋಟಕ್ಕೆ ಮಣ್ಣು ಹೊರುವ ಕೆಲಸಕ್ಕೆ ಹೋಗಿದ್ದೆ. ಎರಡು ಹಂಗಾಮು ಅಲ್ಲಿದ್ದೆ. ಅಪ್ಪಿಕೊ ಚಳವಳಿಯ ಸುದ್ದಿ ಆಗ ಅಲ್ಲಿ ಮನೆ ಮನೆಯ ಮಾತು. ಕಾಡಿನ ಬಗ್ಗೆ ನನಗೆ ಮೊದಲ ಪಾಠ ಆದದ್ದು ಅಲ್ಲಿ. ಆಮೇಲೆ ಪತ್ರಿಕೆ, ಪುಸ್ತಕ ಓದಿ, ತಿಳಿದವರನ್ನು ಕೇಳಿ ಕೂಡಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಳೆ ಕಾಡು ಎಂದರೆ ಯಾವುದು?

ಗಿಡ ಹಚ್ಚಿ ಬೆಳೆಸಿದ ತೋಪು ಬೇರೆ, ಹಳೆ ಕಾಡು ಬೇರೆ. ಮೇಲಿನಿಂದ ನೋಡಿದರೆ ಎರಡೂ ಹಸಿರೇ. ಕೆಳಗೆ ಹೋಗಿ ನಿಂತರೆ ಗೊತ್ತಾಗುತ್ತದೆ. ತೋಪಿನಲ್ಲಿ ಒಂದೇ ಜಾತಿ, ಒಂದೇ ವಯಸ್ಸು, ಗೆರೆ ಹೊಡೆದಂತೆ ಸಾಲು. ಹಳೆ ಕಾಡಿನಲ್ಲಿ ಮುದುಕ ಮರ, ಹರೆಯದ ಮರ, ಮೊಣಕಾಲೆತ್ತರದ ಸಸಿ, ಬಿದ್ದು ಕೊಳೆಯುವ ದಿಮ್ಮಿ ಎಲ್ಲವೂ ಒಟ್ಟಿಗೆ. ನೆಲದ ಮೇಲೆ ತರಗೆಲೆಯ ಹಾಸು. ಅದರ ಕೆಳಗೆ ಕೈ ಹಾಕಿದರೆ ಬೆರಳು ಸಲೀಸಾಗಿ ಒಳಗೆ ಹೋಗುವ ಮಣ್ಣು. ಉತ್ತರ ಕನ್ನಡ, ಶಿವಮೊಗ್ಗ ಕಡೆ ಇಂಥ ದಟ್ಟ ಹಸಿರು ಕಾಡಿಗೆ ಕಾನು ಎನ್ನುತ್ತಾರೆ. ಎಷ್ಟೋ ಕಾನುಗಳನ್ನು ಊರವರು ದೇವರ ಹೆಸರಿನಲ್ಲಿ ಕಾಯ್ದುಕೊಂಡು ಬಂದಿದ್ದಾರೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಾತಿಯ ಮರಗಳು ನೀರು ನಿಂತ ಕೆಸರಿನಲ್ಲೇ ಬೆಳೆದು, ಬೇರುಗಳನ್ನು ಉಸಿರಾಡಲು ಮೇಲಕ್ಕೆ ಎತ್ತಿಕೊಂಡು ನಿಂತಿವೆ. ಅಂಥ ಜಾಗವನ್ನು ಮನುಷ್ಯ ಹಚ್ಚಿ ಮಾಡಲು ಆಗುವುದಿಲ್ಲ.

ಮರ ಕಡಿಯುವ ಲೆಕ್ಕದಲ್ಲಿ "ಬಲಿತು ಮೀರಿದ ಮರ" ಎಂಬ ಮಾತು ಬರುತ್ತದೆ. ಒಳಗೆ ಟೊಳ್ಳಾದ, ಇನ್ನು ದಪ್ಪ ಆಗದ, ಇಟ್ಟರೆ ನಷ್ಟ ಎನ್ನುವ ಮರ. ಆದರೆ ಆ ಟೊಳ್ಳಿನಲ್ಲೇ ಮಂಗಟ್ಟೆ ಹಕ್ಕಿ ಗೂಡು ಮಾಡುತ್ತದೆ. ಹೆಣ್ಣು ಹಕ್ಕಿ ಪೊಟರೆ ಒಳಗೆ ಕುಳಿತು ಬಾಯಿ ಮುಚ್ಚಿಕೊಳ್ಳುತ್ತದೆ. ಗಂಡು ಸಣ್ಣ ಸೀಳಿನಿಂದ ಹಣ್ಣು ತಂದು ಉಣಿಸುತ್ತದೆ. ಆ ಹಣ್ಣಿನ ಬೀಜಗಳನ್ನು ಕಾಡಿನ ತುಂಬ ಬಿತ್ತುವ ಕೂರಿಗೆ ಈ ಹಕ್ಕಿ. ಟೊಳ್ಳು ಮರ ಕಡಿದರೆ ಕೂರಿಗೆ ಮುರಿದಂತೆ. ಲೆಕ್ಕದ ಪುಸ್ತಕದಲ್ಲಿ ನಷ್ಟ ಎಂದು ಬರೆದದ್ದು ಕಾಡಿನ ಲೆಕ್ಕದಲ್ಲಿ ಬಿತ್ತನೆ.

ಕಡಿಯಬೇಕು ಎನ್ನುವವರ ಮಾತು

ಇನ್ನೊಂದು ಪಕ್ಷದ ಮಾತನ್ನೂ ಸರಿಯಾಗಿ ಕೇಳಬೇಕು. ಅವರು ಹೇಳುವುದು ಇಷ್ಟು. ಮರ ಶಾಶ್ವತ ಅಲ್ಲ, ಬಿಟ್ಟರೆ ಮುದಿಯಾಗಿ ಬಿದ್ದು ಕೊಳೆಯುತ್ತದೆ. ಅದರ ಬದಲು ಬಲಿತದ್ದನ್ನು ಆರಿಸಿ ಕಡಿದು, ಎಳೆಯದನ್ನು ಬಿಟ್ಟು, ಇಪ್ಪತ್ತು ಮೂವತ್ತು ವರ್ಷ ಬಿಟ್ಟು ಮತ್ತೆ ಬಂದರೆ ಕಾಡೂ ಇರುತ್ತದೆ, ಮರವೂ ಸಿಗುತ್ತದೆ. ಸರಕಾರಕ್ಕೆ ಆದಾಯ, ಕೂಲಿಯವರಿಗೆ ಕೆಲಸ, ಮಂದಿಗೆ ಬಾಗಿಲು ಕಿಟಕಿ, ಮಕ್ಕಳಿಗೆ ಕಾಗದ. ರೈಲು ಹಳಿಯ ಸ್ಲೀಪರ್, ಪ್ಲೈವುಡ್, ಬೆಂಕಿಕಡ್ಡಿ, ವಿದ್ಯುತ್ ಕಂಬ ಎಲ್ಲಕ್ಕೂ ಮರ ಬೇಕಾಗಿತ್ತು. ನಾವೇನು ಮರ ಬಳಸದೆ ಬದುಕಿದ್ದೇವೆಯೇ?

ಈ ಮಾತಿನಲ್ಲಿ ಹುರುಳು ಇಲ್ಲದೆ ಇಲ್ಲ. ಮರ ಮತ್ತೆ ಬೆಳೆಯುವ ವಸ್ತು. ಕಬ್ಬಿಣ, ಸಿಮೆಂಟು ಹಾಗಲ್ಲ. ನೆಟ್ಟು ಬೆಳೆಸಿದ ಮರವನ್ನು ಕಡಿಯುವುದರಲ್ಲಿ ಪಾಪ ಏನೂ ಇಲ್ಲ, ಅದು ಜೋಳ ಕೊಯ್ದಂತೆ. ತಕರಾರು ಬರುವುದು ನೆಡದೇ ಇದ್ದದ್ದನ್ನು, ನಾಲ್ಕಾರು ತಲೆಮಾರು ಬೆಳೆದದ್ದನ್ನು ಕೊಯ್ಲು ಎಂದು ಕರೆದಾಗ.

ನಮ್ಮ ಕಡೆ ಇಟ್ಟಿಗೆ ಭಟ್ಟಿಯವರು ಹೊಲದ ಮಣ್ಣು ಕೊಳ್ಳಲು ಬರುತ್ತಾರೆ. ಒಂದು ಮೊಳ ಆಳದ ಮೇಲ್ಮಣ್ಣು ಕೊಟ್ಟರೆ ಕೈತುಂಬ ರೊಕ್ಕ. ಅಡಚಣೆಯಲ್ಲಿದ್ದ ರೈತ ಕೊಡುತ್ತಾನೆ. ಆ ವರ್ಷದ ಲೆಕ್ಕ ನೋಡಿದರೆ ಅದರಷ್ಟು ಲಾಭದ ಬೆಳೆ ಇಲ್ಲ. ಮರುವರ್ಷ ಬಿತ್ತಿದಾಗ ಗೊತ್ತಾಗುತ್ತದೆ, ಮಾರಿದ್ದು ಬೆಳೆ ಅಲ್ಲ, ಬೆಳೆಯುವ ಶಕ್ತಿ ಎಂದು. ಹಳೆ ಕಾಡಿನ ದಿಮ್ಮಿಯ ರೊಕ್ಕವೂ ಇಂಥದೇ. ಸರಕಾರದ ಖಾತೆಯಲ್ಲಿ ಅದು ಆದಾಯ ಎಂದು ಜಮೆ ಆಯಿತು. ನಿಜವಾಗಿ ಅದು ಮೇಲ್ಮಣ್ಣು ಮಾರಿದ ರೊಕ್ಕ.

ಬಿದಿರು ಹೇಳಿದ ಪಾಠ

ಇದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ದಾಂಡೇಲಿಯ ಕಾಗದ ಕಾರ್ಖಾನೆಗೆ 1958ರಲ್ಲಿ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿ ದರದಲ್ಲಿ ಕೊಡಲು ಒಪ್ಪಂದ ಆಯಿತು. ಬುಟ್ಟಿ, ಮೊರ ಹೆಣೆಯುವ ಮೇದಾರರಿಗೆ ಆ ದರದಲ್ಲಿ ಬಿದಿರು ಸಿಗುತ್ತಿರಲಿಲ್ಲ, ಅವರು ಪೇಟೆಯಲ್ಲಿ ಎಷ್ಟೋ ಪಾಲು ಹೆಚ್ಚು ಕೊಟ್ಟು ಕೊಳ್ಳಬೇಕಾಗಿತ್ತು. ಕಾಡಿನಲ್ಲಿ ಬಿದಿರು ಎಷ್ಟಿದೆ, ವರ್ಷಕ್ಕೆ ಎಷ್ಟು ಬೆಳೆಯುತ್ತದೆ ಎಂಬ ಅಂದಾಜಿನ ಮೇಲೆ ಈ ಒಪ್ಪಂದ ನಿಂತಿತ್ತು. 1970ರ ದಶಕದಲ್ಲಿ ಮೇದಾರರ ದೂರು ಹೆಚ್ಚಿದಾಗ ವಿಜ್ಞಾನಿ ಮಾಧವ ಗಾಡ್ಗೀಳರು ಈ ಬಿದಿರಿನ ಅಧ್ಯಯನ ಮಾಡಿದರು. ಮೊದಲಿನ ಅಂದಾಜು ವಾಸ್ತವಕ್ಕಿಂತ ಬಹಳ ಹೆಚ್ಚಾಗಿತ್ತು ಎಂದು ತಿಳಿಯಿತು.

ಇದರಲ್ಲಿ ರೈತರು ನೆನಪಿಡಬೇಕಾದ ಸಂಗತಿ ಇನ್ನೊಂದಿದೆ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಸಿಂಬಿ ಇರುತ್ತದೆ. ಅದನ್ನು ಸವರಿ ಚೊಕ್ಕಟ ಮಾಡಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂದು ಅಧಿಕಾರಿಗಳು ಮುಳ್ಳು ಕಡಿಸಿದರು. ಆದದ್ದು ಉಲ್ಟಾ. ಮುಳ್ಳು ಹೋದ ಮೇಲೆ ಮಳೆಗಾಲದಲ್ಲಿ ಬರುವ ಎಳೆ ಕಳಲೆಯನ್ನು ದನ, ಹಂದಿ, ಮುಶಿಯಾಗಳು ತಿಂದು ಹಾಕಿದವು, ಮೆಳೆ ಮೇಲೇಳಲಿಲ್ಲ. ಮುಳ್ಳು ಇರಬೇಕು ಎಂಬುದು ಅಲ್ಲಿನ ಹಳ್ಳಿಯವರಿಗೆ ಮೊದಲೇ ಗೊತ್ತಿತ್ತು. ಯಾರೂ ಕೇಳಿರಲಿಲ್ಲ ಅಷ್ಟೆ. ನಾವೂ ಬಿತ್ತಿದ ಹೊಲಕ್ಕೆ ಜಾಲಿ ಕಂಟಿ ಬೇಲಿ ಯಾಕೆ ಬಡಿಯುತ್ತೇವೆ? ಕಾಡು ತನ್ನ ಬೇಲಿ ತಾನೇ ಹಾಕಿಕೊಂಡಿತ್ತು.

ಸಾಲ್ಕಣಿಯಲ್ಲಿ ನಡೆದದ್ದು

ಉತ್ತರ ಕನ್ನಡದಲ್ಲಿ ಒಂದು ಕಡೆ ಹಳೆ ಕಾಡು ಬೋಳು ಮಾಡಿ ಸಾಗವಾನಿ, ನೀಲಗಿರಿ ಹಚ್ಚುವ ಕೆಲಸ ನಡೆದಿತ್ತು. ಇನ್ನೊಂದು ಕಡೆ ಆಯ್ಕೆ ಕಡಿತ ಎಂಬ ಹೆಸರಿನಲ್ಲಿ ದೊಡ್ಡ ಮರ ಬೀಳುತ್ತಿದ್ದವು. ಕಾಗದದ ಮೇಲೆ ಎಕರೆಗೆ ಒಂದೆರಡು ಮರ. ನೆಲದ ಮೇಲೆ ಹಾಗೆ ಆಗುವುದಿಲ್ಲ. ನೂರು ಅಡಿ ಎತ್ತರದ ಮರ ಬೀಳುವಾಗ ಬಳ್ಳಿ ಜಗ್ಗಿ ಸುತ್ತಲಿನ ಹತ್ತಾರು ಮರಗಳನ್ನು ಮುರಿದುಕೊಂಡೇ ಬೀಳುತ್ತದೆ. ದಿಮ್ಮಿ ಎಳೆಯಲು ದಾರಿ ಬೇಕು, ಲಾರಿ ತಿರುಗಲು ಜಾಗ ಬೇಕು. ತಲೆ ಮೇಲಿನ ಚಪ್ಪರ ಹರಿದು ಬಿಸಿಲು ನೆಲಕ್ಕೆ ಬಿದ್ದರೆ ಯುಪಟೋರಿಯಂ ಕಳೆ ಏಳುತ್ತದೆ, ಕಾಡಿನ ಸಸಿ ಏಳುವುದಿಲ್ಲ.

ಅಡಿಕೆ ರೈತರಿಗೆ ಇದರ ಬಿಸಿ ತಟ್ಟಿತು. ಅವರ ತೋಟಕ್ಕೆ ಸೊಪ್ಪು, ತರಗೆಲೆ ಬರುವುದು ಬೆಟ್ಟದಿಂದ. ನೀರು ಬರುವುದು ಕಾಡಿನ ಒಳಗಿನ ಝರಿಯಿಂದ. ಝರಿಗಳು ಬೇಸಿಗೆಗೆ ಮುಂಚೆಯೇ ಸೊರಗತೊಡಗಿದವು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಹತ್ತಿರದ ಕಾಡಿಗೆ ಹಳ್ಳಿಯ ಗಂಡಸರು, ಹೆಂಗಸರು, ಮಕ್ಕಳು ನಡೆದುಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು. ಕಡಿಯಲು ಬಂದವರು ಕೊಡಲಿ ಇಳಿಸಿದರು. ಕಾಡಿನ ಒಳಗಿನ ಈ ಕಾವಲು 38 ದಿನ ನಡೆಯಿತು. ಪಾಂಡುರಂಗ ಹೆಗಡೆ ಮತ್ತು ಜೊತೆಗಾರರು ಇದನ್ನು ಊರಿಂದ ಊರಿಗೆ ಒಯ್ದರು. ಹಿಮಾಲಯದ ಚಿಪ್ಕೊ ಚಳವಳಿಯ ಸುಂದರಲಾಲ್ ಬಹುಗುಣ ಅವರೂ ಬಂದು ಬೆಂಬಲಿಸಿದರು. ಹುಸ್ರಿ, ಸಿದ್ದಾಪುರ ತಾಲ್ಲೂಕಿನ ನಿಡಗೋಡು ಮುಂತಾದ ಕಡೆಯೂ ಮಂದಿ ಮರ ಅಪ್ಪಿಕೊಂಡರು. ಅವರ ಮಾತು ಮೂರೇ ಶಬ್ದ: ಉಳಿಸು, ಬೆಳೆಸು, ಬಳಸು.

ನಾನು ಕೆಲಸಕ್ಕಿದ್ದ ತೋಟದ ಹಿರಿಯರನ್ನು ಒಮ್ಮೆ ಕೇಳಿದ್ದೆ, "ಅಜ್ಜಾರ, ಕಾಡು ಸರಕಾರದ್ದು, ನಿಮಗ್ಯಾಕ ಇಷ್ಟು ಉಸಾಬರಿ?" ಅಂತ. ಅವರು ನಕ್ಕು, "ತಮಾ, ಕಾಡು ಸರಕಾರದ್ದು ಹೌದು, ಆದ್ರೆ ಅದರ ನೆರಳು, ನೀರು ನಮ್ದು" ಎಂದರು. ಅವರಿಗೂ ಸ್ವಾರ್ಥ ಇತ್ತು, ಅವರೇ ಅದನ್ನು ಒಪ್ಪುತ್ತಿದ್ದರು. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಕಾಡು ಯಾರಿಗೆ ದಿನಾ ಬೇಕೋ ಅವರೇ ಅದನ್ನು ಕಾಯುವುದು.

1990ರ ಹೊತ್ತಿಗೆ ಪಶ್ಚಿಮ ಘಟ್ಟದ ಕಾಡಿನಲ್ಲಿ ಹಸಿ ಮರ ಕಡಿತಕ್ಕೆ ತಡೆ ಬಿತ್ತು. ಅದರ ನಡುವೆ 1988ರಲ್ಲಿ ದೇಶದ ಅರಣ್ಯ ನೀತಿಯೇ ಬದಲಾಯಿತು. ಕಾಡು ಮೊದಲು ನೆಲ, ನೀರು, ಪರಿಸರ ಕಾಯಲು, ಆದಾಯ ಆಮೇಲಿನ ಮಾತು ಎಂದು ಅದು ಹೇಳಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕೇಂದ್ರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಯಾವ ರಾಜ್ಯದಲ್ಲೂ ಕಾಡಿನ ಮರ ಕಡಿಯಕೂಡದು ಎಂದು ಆಜ್ಞೆ ಮಾಡಿತು.

ಬಯಲು ಸೀಮೆಗೆ ಬಂದ ನೀಲಗಿರಿ

ಹಳೆ ಕಾಡು ಕಡಿದರೆ ಅದರ ಜಾಗಕ್ಕೆ ಏನು ಬರುತ್ತದೆ ಎಂಬುದೂ ಈ ಚರ್ಚೆಯ ಭಾಗ. ಮಲೆನಾಡಿನ ಜೋರು ಮಳೆಗೆ ನೀಲಗಿರಿಗೆ ಬೂಷ್ಟು ರೋಗ ಬಿದ್ದು ಎಷ್ಟೋ ಕಡೆ ತೋಪು ಹಾಳಾದವು. ಕಾನೂ ಹೋಯಿತು, ನೀಲಗಿರಿಯೂ ದಕ್ಕಲಿಲ್ಲ. ಆಗ ಕಚ್ಚಾ ಮಾಲಿನ ಕಣ್ಣು ಬಯಲಿನ ಕಡೆ ತಿರುಗಿತು. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಮಾಡಿ, ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸರಕಾರಿ ಭೂಮಿಯಲ್ಲಿ ನೀಲಗಿರಿ ಹಚ್ಚುವ ಯೋಜನೆ ಬಂತು. ಕಾಗದದಲ್ಲಿ ಅದು ಪಾಳು ಭೂಮಿ. ಹಳ್ಳಿಯವರಿಗೆ ಅದು ದನದ ಮೇವು, ಒಲೆಯ ಪುಳ್ಳೆ, ಕುರಿಯ ಹಾದಿ.

ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು, ಶಿವರಾಮ ಕಾರಂತರು ಮುಂತಾದವರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಮಂದಿ ನೀಲಗಿರಿ ಸಸಿ ಕಿತ್ತು, ಅದೇ ಜಾಗದಲ್ಲಿ ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೊ-ಹಚ್ಚಿಕೊ ಎಂದೇ ಅದಕ್ಕೆ ಹೆಸರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು. ಮುಂದೆ 2017ರಲ್ಲಿ ರಾಜ್ಯ ಸರಕಾರವೇ ನೀಲಗಿರಿ, ಅಕೇಶಿಯಾ ಹೊಸದಾಗಿ ಹಚ್ಚುವುದನ್ನು ನಿಷೇಧಿಸಿತು. ಘಟ್ಟದ ಕಾಡಿನ ಚರ್ಚೆ ಬಯಲು ನಾಡಿನ ಮಡ್ಡಿಗೆ ಹೀಗೆ ಇಳಿದುಬಂದಿತ್ತು ಎಂದು ತೋರಿಸಲು ಇದನ್ನು ಬರೆದೆ.

ನೀರಿನ ಲೆಕ್ಕ: ಎಷ್ಟು ನಿಜ, ಎಷ್ಟು ಅತಿ?

"ಕಾಡಿದ್ರ ಮಳಿ" ಎನ್ನುವುದು ನಮ್ಮ ಮಂದಿಯ ನಂಬಿಕೆ. ಇದನ್ನು ಸ್ವಲ್ಪ ಜರಡಿ ಹಿಡಿಯಬೇಕು. ಮುಂಗಾರು ಮಳೆ ಹುಟ್ಟುವುದು ಸಮುದ್ರದಲ್ಲಿ, ಕಾಡಿನಲ್ಲಿ ಅಲ್ಲ. ಆದರೆ ಕಾಡಿನ ಎಲೆಗಳು ಬಿಡುವ ಆವಿಯೂ ಗಾಳಿಯ ಜೊತೆ ಮುಂದೆ ಹೋಗಿ ಮಳೆಗೆ ಕೂಡುತ್ತದೆ. ಪಶ್ಚಿಮ ಘಟ್ಟದ ಕಾಡಿನ ಆವಿ ತಮಿಳುನಾಡಿನ ಮುಂಗಾರು ಮಳೆಗೆ ದೊಡ್ಡ ಪಾಲು ಕೊಡುತ್ತದೆ ಎಂದು 2018ರಲ್ಲಿ ಮುಂಬೈ ಐಐಟಿಯವರು ಲೆಕ್ಕ ಹಾಕಿ ತೋರಿಸಿದರು. ಘಟ್ಟದ ಮೂಡಣಕ್ಕೆ, ಮಳೆ ನೆರಳಿನಲ್ಲಿ ಇರುವ ನಮ್ಮಂಥವರು ಗಮನಿಸಬೇಕಾದ ವಿಷಯ ಇದು.

ಹೆಚ್ಚು ಗಟ್ಟಿಯಾಗಿ ಹೇಳಬಹುದಾದದ್ದು ನೀರು ಇಂಗುವ ಬಗ್ಗೆ. ಉತ್ತರ ಕನ್ನಡದಲ್ಲೇ ವಿಜ್ಞಾನಿಗಳು ಚೆನ್ನಾಗಿರುವ ಕಾಡು, ಸವೆದ ಕಾಡು, ಅಕೇಶಿಯಾ ತೋಪು ಮೂರರಲ್ಲೂ ನೀರು ಅಳೆದಿದ್ದಾರೆ. 2010ರಿಂದ ಈಚೆಗೆ ಅದರ ಫಲಿತಾಂಶ ಪ್ರಕಟವಾಗಿದೆ. ಹಳೆ ಕಾಡಿನ ನೆಲ ಹೆಚ್ಚು ಮಳೆಯನ್ನು ಒಳಗೆ ಇಳಿಸಿಕೊಳ್ಳುತ್ತದೆ. ಸವೆದ ನೆಲದಲ್ಲಿ ನೀರು ಮೇಲಿಂದ ಮೇಲೆ ಹರಿದು ಹೋಗುತ್ತದೆ. ಗಿಡ ಹಚ್ಚಿದ ಕೂಡಲೇ ನೆಲ ಮೊದಲಿನಂತೆ ಆಗುವುದಿಲ್ಲ. ಬೇರು ಸತ್ತು ಆದ ತೂತು, ಎರೆಹುಳ, ಗೆದ್ದಲು ಮಾಡಿದ ದಾರಿ ಇವೆಲ್ಲ ಆಗಲು ಕಾಲ ಬೇಕು. ನಾವು ಮಾಗಿ ಉಳುಮೆ ಮಾಡಿದ ಹೊಲಕ್ಕೂ ದನ ತುಳಿದು ಗಟ್ಟಿಯಾದ ಹೊಲಕ್ಕೂ ಒಂದೇ ಮಳೆಯಲ್ಲಿ ಏನು ವ್ಯತ್ಯಾಸ ಎಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡು ಅತಿ ಮಾತುಗಳನ್ನೂ ಬಿಡಬೇಕು. ಸಾಲ್ಕಣಿ ಕಾಡು ಉಳಿದದ್ದರಿಂದ ನಮ್ಮ ಕೃಷ್ಣೆಗೆ ನೀರು ಬಂತು ಎನ್ನುವುದು ಸುಳ್ಳು. ಶಿರಸಿಯ ಬಹುಪಾಲು ನೀರು ಬೇಡ್ತಿ, ಅಘನಾಶಿನಿ ಹಿಡಿದು ಪಡುವಣ ಸಮುದ್ರಕ್ಕೆ ಹೋಗುತ್ತದೆ. ಹಾಗೆಯೇ ಕಾಡು ಇದ್ದರೆ ಪ್ರವಾಹವೇ ಬರುವುದಿಲ್ಲ ಎನ್ನುವುದೂ ಸರಿಯಲ್ಲ. 2005, 2019ರಂಥ ಮಳೆ ಬಿದ್ದರೆ ಯಾವ ಕಾಡೂ ಪೂರ್ತಿ ತಡೆಯದು. ಕಾಡಿನ ಕೆಲಸ ಸಾಮಾನ್ಯ ವರ್ಷದ ಮಳೆಯನ್ನು ಹಿಡಿದು ನಿಧಾನಕ್ಕೆ ಬಿಡುವುದು, ಮಣ್ಣನ್ನು ಹೊಳೆಗೆ, ಅಣೆಕಟ್ಟಿಗೆ ಹೋಗದಂತೆ ನಿಲ್ಲಿಸುವುದು.

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ರೊಕ್ಕ ಹಾಕಿ, ಶ್ರಮದಾನ ಮಾಡಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದು ಎಲ್ಲರಿಗೂ ಗೊತ್ತು. ಹೊಳೆಯಲ್ಲಿ ಸ್ವಲ್ಪ ನೀರು ನಿಲ್ಲಿಸಲು ಎಷ್ಟು ಕಲ್ಲು, ಸಿಮೆಂಟು, ಬೆವರು ಬೇಕಾಯಿತು ಎಂದು ನಮ್ಮ ಭಾಗದವರು ಬಲ್ಲರು. ಘಟ್ಟದ ಮೇಲಿನ ಹಳೆ ಕಾಡು ಅದೇ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತದೆ. ಅದನ್ನು ಕಡಿಯುವಾಗ ಈ ಬೆಲೆಯನ್ನು ಯಾವ ಟೆಂಡರಿನಲ್ಲೂ ಬರೆಯುವುದಿಲ್ಲ.

ನಮಗೇ ನೀರು ಬೇಕಾದಾಗ?

ಈಗ ಕಷ್ಟದ ಪ್ರಶ್ನೆಗೆ ಬರೋಣ. ಕಡಿಯುವವರು ಯಾವಾಗಲೂ ಕಾರ್ಖಾನೆಯವರೇ ಆಗಿರುವುದಿಲ್ಲ. ಕಳಸಾ-ಬಂಡೂರಿ ನಾಲೆಗಾಗಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕುಳಿತರು. ಮಲಪ್ರಭೆಯ ಆಣೆಕಟ್ಟು ತುಂಬದ ವರ್ಷಗಳೇ ಹೆಚ್ಚು. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು, ಅದರಲ್ಲಿ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ. ಆದರೆ ಆ ಕಾಮಗಾರಿ ಹೋಗುವುದು ಖಾನಾಪುರದ ಕಾಡಿನಲ್ಲಿ. ಮಲಪ್ರಭೆ ಹುಟ್ಟುವ ಕಣಕುಂಬಿಯೂ ಅದೇ ಸೀಮೆಯಲ್ಲಿ. ಕುಡಿಯಲು ನೀರು ಬೇಕು ಎನ್ನುವವನ ಬಾಯಿಗೆ ಕಾಡಿನ ಮಾತು ಹೇಳಿ ಬೀಗ ಹಾಕುವುದು ನನ್ನಿಂದ ಆಗದು. ಹಾಗಂತ, ನದಿ ಹುಟ್ಟುವ ಕಾಡು ಕಡಿದು ನದಿಗೆ ನೀರು ತರುತ್ತೇವೆ ಎನ್ನುವಾಗ ಎರಡು ಸಲ ಯೋಚಿಸಬೇಕು ಎನ್ನುವುದೂ ಅಷ್ಟೇ ನಿಜ. ಎಲ್ಲಿ ಕೊಳವೆಯನ್ನು ನೆಲದೊಳಗೆ ಒಯ್ದು, ದಾರಿ ಪಕ್ಕದಿಂದ ಒಯ್ದು ಮರ ಉಳಿಸಬಹುದೋ ಅಲ್ಲಿ ಖರ್ಚು ಹೆಚ್ಚಾದರೂ ಹಾಗೆ ಮಾಡಿ ಎಂದು ಕೇಳಬೇಕಾದವರು ನೀರು ಉಣ್ಣುವ ನಾವೇ.

ಕಡಿದ ಕಾಡಿಗೆ ಬದಲಾಗಿ ಬೇರೆ ಕಡೆ ಗಿಡ ಹಚ್ಚುತ್ತೇವೆ ಎನ್ನುತ್ತಾರೆ. ಅದಕ್ಕೆ 2016ರಲ್ಲಿ ಪರಿಹಾರ ಅರಣ್ಯೀಕರಣ ನಿಧಿಯ ಕಾಯ್ದೆಯೂ ಬಂದಿದೆ. ಆದರೆ ಘಟ್ಟದ ಕಾನಿಗೆ ಬದಲು ಬಯಲಿನ ಮಡ್ಡಿ ಮೇಲೆ ಸಾಲು ಸಸಿ ಹಚ್ಚಿದರೆ ಲೆಕ್ಕ ಸರಿಹೋಗುವುದೇ? ಕಾನೂ ಹೋಗುತ್ತದೆ, ಕುರಿ ಮೇಯುವ ಹುಲ್ಲುಗಾವಲೂ ಹೋಗುತ್ತದೆ. ಮುದುಕ ಎತ್ತು ಮಾರಿ ಕರು ತಂದರೆ ಅದು ಒಂದಿಲ್ಲ ಒಂದು ದಿನ ರಂಟೆ ಎಳೆಯುತ್ತದೆ. ನಾಲ್ಕು ನೂರು ವರ್ಷದ ಕಾಡು ಮಾರಿ ಸಸಿ ತಂದರೆ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಅದನ್ನು ಕಾಡಾಗಿ ನೋಡುವುದಿಲ್ಲ.

ಈ ಜಗಳ ನಮ್ಮಲ್ಲಿ ಮಾತ್ರ ಅಲ್ಲ. ಕೆನಡಾದ ಪಡುವಣ ಕರಾವಳಿಯ ಕ್ಲೇಕ್ವಟ್ ಎಂಬಲ್ಲಿ 1993ರಲ್ಲಿ ಹಳೆ ಕಾಡಿಗೆ ಹೋಗುವ ಲಾರಿ ದಾರಿಗೆ ಅಡ್ಡ ನಿಂತು 800ಕ್ಕೂ ಹೆಚ್ಚು ಮಂದಿ ಬಂಧನಕ್ಕೆ ಒಳಗಾದರು. ಅಮೆರಿಕದ ವಾಯವ್ಯ ರಾಜ್ಯಗಳಲ್ಲಿ ಹಳೆ ಮರಗಳಲ್ಲಿ ಬದುಕುವ ಒಂದು ಜಾತಿಯ ಗೂಬೆಯನ್ನು 1990ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದಾಗ ಕೋಯ್ತಮಿಲ್ಲಿನ ಕೆಲಸಗಾರರು ಬೀದಿಗಿಳಿದರು. 1994ರಲ್ಲಿ ಅಲ್ಲಿನ ಸರಕಾರ ಉಳಿದ ಹಳೆ ಕಾಡಿನ ಬಹುಭಾಗವನ್ನು ಕಡಿತದಿಂದ ಹೊರಗಿಡುವ ಯೋಜನೆ ಮಾಡಿತು. ಗೂಬೆಯೋ ಕೂಲಿಯೋ ಎಂದು ಅಲ್ಲಿ ಜಗಳ, ಇಲ್ಲಿ ಕಾಡೋ ನೀರೋ ಎಂದು. ಕೂಲಿಯವನ ಹೊಟ್ಟೆಗೆ ಬೇರೆ ದಾರಿ ತೋರಿಸದೆ ಕೊಡಲಿ ಕೆಳಗಿಡು ಎಂದರೆ ಅದು ನ್ಯಾಯ ಆಗುವುದಿಲ್ಲ.

ಹಾಗಾದರೆ ಕಟ್ಟಿಗೆ ಎಲ್ಲಿಂದ?

ಕಡಿಯಬೇಡಿ ಎಂದು ಹೇಳಿ ಬಾಗಿಲು ಕೊಳ್ಳಲು ಹೋದರೆ ಏನಾಗುತ್ತದೆ ನೋಡಿ. ನಮ್ಮ ಪೇಟೆಯ ಕಟ್ಟಿಗೆ ಅಡ್ಡೆಗಳಲ್ಲಿ ಮಲೇಶಿಯಾ ಸಾಲ್, ಬರ್ಮಾ ಸಾಗವಾನಿ ಎಂಬ ಹೆಸರು ಕೇಳುತ್ತೇವೆ. ನಮ್ಮಲ್ಲಿ ಕಡಿಯದ ಮರವನ್ನು ಬೇರೆ ದೇಶದ ಹಳೆ ಕಾಡಿನಿಂದ ತಂದೆವು. ಬರ್ಮಾದವರು 2014ರಲ್ಲಿ ಇಡೀ ದಿಮ್ಮಿ ಹೊರಗೆ ಕಳಿಸುವುದನ್ನು ನಿಲ್ಲಿಸಿದರು. ನಮ್ಮ ಹಿತ್ತಲು ಉಳಿಸಿ ನೆರೆಯವನ ಹಿತ್ತಲು ಬೋಳಿಸುವುದು ದೊಡ್ಡತನ ಅಲ್ಲ.

ದಾರಿ ಇರುವುದು ನಮ್ಮ ಹೊಲದ ಒಡ್ಡಿನ ಮೇಲೆ. ಕಾರ್ಖಾನೆಗಳು ತಮಗೆ ಬೇಕಾದ ಕಟ್ಟಿಗೆಯನ್ನು ರೈತರಿಂದ ಬೆಳೆಸಿಕೊಳ್ಳಲಿ ಎಂದು 1988ರ ನೀತಿಯಲ್ಲೇ ಇದೆ. ಒಣ ಬೇಸಾಯದವರಿಗೆ ಇದು ಆಗುವ ಕೆಲಸವೇ? ನನ್ನ ಅನುಭವ ಬರೆಯುತ್ತೇನೆ.

ನನ್ನ ಒಡ್ಡುಗಳ ಮೇಲೆ ಕರಿಜಾಲಿ, ಬೇವು ಇವೆ. ಬಿತ್ತಿದ್ದು ಕಡಿಮೆ, ತಾವಾಗಿ ಹುಟ್ಟಿದ್ದನ್ನು ಕಾಯ್ದದ್ದೇ ಹೆಚ್ಚು. ತಾನಾಗಿ ಎದ್ದ ಗಿಡಕ್ಕೆ ನೀರು ಹಾಕುವ ಕೆಲಸ ಇಲ್ಲ, ಮೂರು ವರ್ಷ ಆಡಿನ ಬಾಯಿಂದ ಉಳಿಸಿದರೆ ಸಾಕು. ರಂಟೆ, ಕುಂಟೆ, ಕೂರಿಗೆ, ಚಕ್ಕಡಿಯ ಗಾಲಿಗೆ ಜಾಲಿಯಂಥ ಕಟ್ಟಿಗೆ ಇಲ್ಲ ಎಂದು ನಮ್ಮ ಬಡಿಗೇರರು ಹೇಳುತ್ತಾರೆ. ಬೇವಿನ ಹಲಗೆಗೆ ಹುಳ ಬೀಳುವುದು ಕಡಿಮೆ. ನಷ್ಟವೂ ಇದೆ. ಮರದ ಮಗ್ಗಲಿನ ನಾಲ್ಕಾರು ಸಾಲು ಜೋಳ ಸಣ್ಣ ತೆನೆ ಬಿಡುತ್ತದೆ. ಅದಕ್ಕೆ ಎರಡು ಉಪಾಯ. ಒಂದು, ಬಿತ್ತುವ ಮೊದಲು ಕೆಳಗಿನ ಟೊಂಗೆ ಸವರುವುದು, ಅದು ಒಲೆಗೂ ಬೇಲಿಗೂ ಆಗುತ್ತದೆ. ಇನ್ನೊಂದು, ಒಡ್ಡಿನ ಒಳ ಮಗ್ಗಲಿಗೆ ಎರಡು ಅಡಿ ಆಳದ ಸಣ್ಣ ಕಾಲುವೆ ತೋಡಿ ಬೇರು ಹೊಲಕ್ಕೆ ಬರದಂತೆ ಕಡಿಯುವುದು. ಆ ಕಾಲುವೆಯಲ್ಲಿ ಮಳೆ ನೀರೂ ನಿಲ್ಲುತ್ತದೆ. ಮೂಡಣ-ಪಡುವಣ ಉದ್ದದ ಒಡ್ಡಿನ ಮೇಲೆ ಮರ ಇದ್ದರೆ ನೆರಳಿನ ಕಾಟ ಕಡಿಮೆ.

ನೀರಿನ ಅನುಕೂಲ ಇದ್ದವರು ಸಾಗವಾನಿ, ಹೆಬ್ಬೇವು ಹಚ್ಚಬಹುದು. ಪೂರ್ತಿ ಎರಿ ಮಣ್ಣಿನಲ್ಲಿ, ನೀರು ನಿಲ್ಲುವ ಕಡೆ, ಸಾಗವಾನಿ ಏಳುವುದಿಲ್ಲ. ಮೊದಲು ಹತ್ತು ಸಸಿ ಹಚ್ಚಿ ನೋಡಿ ಮುಂದುವರಿಯುವುದು ಒಳ್ಳೆಯದು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಇಲಾಖೆಯಿಂದ ಸಸಿ ಪಡೆದು ಹೆಸರು ನೋಂದಾಯಿಸಿದರೆ ಬದುಕಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ ಕೊಡುವ ವ್ಯವಸ್ಥೆ ಇದೆ. ಈಗಿನ ದರ ಎಷ್ಟು ಎಂದು ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಕಾನೂನು ಸ್ವಲ್ಪ ಸಡಿಲ ಆಗಿದೆ. ಮೊದಲು ರೈತನ ಹೊಲದಲ್ಲಿ ಹುಟ್ಟಿದ ಶ್ರೀಗಂಧ ಸರಕಾರದ್ದಾಗಿತ್ತು, ಹಾಗಾಗಿ ಸಸಿ ಕಂಡರೆ ಕಿತ್ತು ಒಗೆಯುತ್ತಿದ್ದರು. 2001ರ ತಿದ್ದುಪಡಿಯಿಂದ ಹೊಲದ ಮಾಲೀಕನೇ ಅದರ ಒಡೆಯ. 2017ರಲ್ಲಿ ಕಾಡಿನ ಹೊರಗೆ ಬೆಳೆದ ಬಿದಿರನ್ನು ಕೇಂದ್ರ ಸರಕಾರ ಮರದ ಪಟ್ಟಿಯಿಂದ ತೆಗೆಯಿತು. ಆದರೂ ತಾನು ಬೆಳೆಸಿದ ಮರ ಕಡಿದು ಸಾಗಿಸಲು ಎಷ್ಟೋ ಜಾತಿಗೆ ರೈತ ಇಂದೂ ಕಚೇರಿ ಮೆಟ್ಟಿಲು ಹತ್ತಬೇಕು. ಈ ಅಲೆದಾಟಕ್ಕೆ ಹೆದರಿ ನನ್ನ ಗೆಳೆಯರೊಬ್ಬರು ಒಡ್ಡಿನ ಮೇಲಿನ ಸಸಿಗಳನ್ನು ಬೆಳೆಯುವ ಮೊದಲೇ ತೆಗೆದುಹಾಕಿದರು. ಹಳೆ ಕಾಡು ಉಳಿಯಬೇಕು ಎಂದರೆ ಹೊಲದ ಮರ ಮಾರುವುದು ಸುಲಭ ಆಗಬೇಕು. ಇವೆರಡೂ ಒಂದೇ ಹಗ್ಗದ ಎರಡು ತುದಿ.

ಕೇಳಬೇಕಾದ ಮೂರು ಲೆಕ್ಕ

ಯಾವುದೇ ಹಳೆ ಕಾಡು ಕಡಿಯುವ ಮಾತು ಬಂದಾಗ, ಅದು ದಿಮ್ಮಿಗಾಗಲಿ, ದಾರಿಗಾಗಲಿ, ನಾಲೆಗಾಗಲಿ, ನಾವು ಮೂರು ಲೆಕ್ಕ ಕೇಳಬೇಕು. ಒಂದು, ಇದು ಬಿತ್ತಿ ಬೆಳೆದದ್ದೇ, ಇಲ್ಲ ತಾನಾಗಿ ನೂರಾರು ವರ್ಷ ನಿಂತದ್ದೇ? ಬಿತ್ತಿದ್ದಾದರೆ ಕೊಯ್ಯಲಿ. ಎರಡು, ಲಾಭ ಯಾರಿಗೆ, ಝರಿ ಬತ್ತಿದರೆ ನಷ್ಟ ಯಾರಿಗೆ? ಇಬ್ಬರೂ ಬೇರೆ ಬೇರೆ ಆಗಿದ್ದರೆ ನಷ್ಟ ಆಗುವವನನ್ನು ಮೊದಲು ಕೇಳಲಿ. ಮೂರು, ಇದೇ ಕೆಲಸ ಮರ ಕಡಿಯದೆ, ಅಥವಾ ಹೊಲದ ಮರದಿಂದ ಆಗುತ್ತದೆಯೇ? ಈ ಮೂರಕ್ಕೂ ಉತ್ತರ ಬಂದ ಮೇಲೆ ಕೊಡಲಿಯ ಮಾತು.

ಅಪ್ಪಿಕೊದವರ ಮೂರು ಶಬ್ದಗಳಲ್ಲಿ ಬಳಸು ಎಂಬುದೂ ಇದೆ, ಆದರೆ ಅದು ಕೊನೆಗೆ ಬರುತ್ತದೆ. ಉಳಿಸುವ ಕೆಲಸ ಮಲೆನಾಡಿನವರು ಮಾಡಿದ್ದಾರೆ. ಬೆಳೆಸುವ ಕೆಲಸದಲ್ಲಿ ನಮ್ಮ ಬಯಲು ನಾಡಿನ ಪಾಲು ದೊಡ್ಡದಿದೆ, ಯಾಕೆಂದರೆ ಒಡ್ಡುಗಳ ಉದ್ದ ನಮ್ಮಲ್ಲೇ ಹೆಚ್ಚು. ಎರಿ ಭೂಮಿಯ ಒಡ್ಡಿನ ಮೇಲೆ ಯಾವ ಜಾತಿ ಮರ ಚೆನ್ನಾಗಿ ಬಂದಿದೆ, ಜೋಳ ಕಡಲೆಗೆ ಎಷ್ಟು ತೊಂದರೆ ಆಯಿತು, ಕಡಿದು ಮಾರುವಾಗ ಯಾವ ಕಾಗದ ಕೇಳಿದರು ಎಂದು ಅನುಭವ ಇದ್ದ ರೈತರು ಈ ಪತ್ರಿಕೆಗೆ ಬರೆದರೆ ನನ್ನಂಥ ಒಣ ಬೇಸಾಯದವರಿಗೆ ಬಹಳ ಉಪಯೋಗ ಆಗುತ್ತದೆ.